ನಿಂತಲ್ಲೇ ಸೈಕಲ್ಲು, ಊಟದ ಮನೆಯಲ್ಲಿ ಓಟ

ಆ ಸ್ಪರ್ಧೆಗೆ ನನ್ನ ಹೆಸರು ಬರೆಸಿದವರು ನಮ್ಮ ಯಜಮಾನರು. ತಮಾಷೆಗೆ ಬರೆಸಿದ್ದು ಅಂತ ಅವರು ಇವತ್ತಿಗೂ ಒಪ್ಪುವುದಿಲ್ಲ. ನನ್ನ ಆರೋಗ್ಯದ ಮೇಲಿನ ಕಾಳಜಿಯಂತೆ.

ಎರಡು ಸಾವಿರದ ಇಸವಿ ಕಳೆದು ಐದಾರು ವರ್ಷವಾಗಿತ್ತು. ನಾನು ಆಲೂರಿನ ಕಡೆ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದೆ. ವಯಸ್ಸು ನಲವತ್ತೊಂದು. ಆಲೂರಿನಿಂದ ಸಕಲೇಶಪುರಕ್ಕೆ ಹೋಗುವ ದಾರಿಯಲ್ಲಿ ಸ್ವಲ್ಪ ಒಳಗೆ ಸರಿದರೆ ನಮ್ಮ ಹಳ್ಳಿ. ನಾಲ್ಕೆಕರೆ ಕಾಫಿ, ಒಂದಿಷ್ಟು ಗದ್ದೆ. ಮನೆಯಲ್ಲಿ ನಾನು, ಯಜಮಾನರು, ಅತ್ತೆ. ಮಗಳು ಹಾಸನದ ಹಾಸ್ಟೆಲಿನಲ್ಲಿದ್ದುಕೊಂಡು ಪಿಯುಸಿ ಓದುತ್ತಿದ್ದಳು.

ಸಕಲೇಶಪುರ ದಾಟಿ ದೋಣಿಗಲ್ ಕಡೆಗೆ ಹೋಗುವ ಹೆದ್ದಾರಿಯ ಪಕ್ಕದಲ್ಲಿ, ಮಿಲಿಟರಿಯಿಂದ ನಿವೃತ್ತರಾಗಿ ಬಂದ ಒಬ್ಬರು ತಮ್ಮ ತೋಟದೊಳಗೇ ಒಂದು ರೆಸಾರ್ಟ್ ಮಾಡಿದ್ದರು. ಸುತ್ತಲ ಊರವರಿಗೆಲ್ಲ ಅವರು ಮೇಜರ್ರು. ಬೇಸಿಗೆಯಲ್ಲಿ ಅಲ್ಲಿ ದೂರದೂರದ ಜನ ತುಂಬಿರುತ್ತಿದ್ದರು. ಜೂನ್ ಹಿಡಿಯಿತೆಂದರೆ ನರಪಿಳ್ಳೆ ಇಲ್ಲ. ಸುಮ್ಮನೆ ಕೂರುವುದು ಮೇಜರ್ರ ಮೈಗೆ ಒಗ್ಗದ ಕೆಲಸ. ಅವರಲ್ಲಿ ತಗಡಿನ ಸೂರು ಹೊದೆಸಿದ ಈಜುಕೊಳವೊಂದಿತ್ತು. ಪಕ್ಕದ ಕೋಣೆಯಲ್ಲಿ ಮೂರು ವ್ಯಾಯಾಮದ ಸೈಕಲ್ಲು, ಎರಡು ಟ್ರೆಡ್‌ಮಿಲ್ಲು. ಮಳೆಗೂ ಮಂಜಿಗೂ ಸವಾಲು ಹಾಕುವಂತೆ, ಎಲ್ಲವೂ ಸೂರಿನಡಿಯೇ ನಡೆಯುವ ಒಂದು ಸ್ಪರ್ಧೆಯನ್ನು ಅವರು ಏರ್ಪಡಿಸಿದರು. ಹತ್ತು ನಿಮಿಷ ಈಜು, ಇಪ್ಪತ್ತು ನಿಮಿಷ ಸೈಕಲ್ಲು, ಹದಿನೈದು ನಿಮಿಷ ಟ್ರೆಡ್‌ಮಿಲ್ಲಿನ ಮೇಲೆ ಓಟ. ಮೊದಲು ಯಾರು ಮುಟ್ಟಿದರು ಎಂಬ ಪ್ರಶ್ನೆಯೇ ಇಲ್ಲ, ಕೊಟ್ಟ ಹೊತ್ತಿನಲ್ಲಿ ಯಾರು ಹೆಚ್ಚು ದೂರ ಹೋದರು ಎಂಬುದಷ್ಟೇ. ಇದಕ್ಕೆ ಇಂಡೋರ್ ಟ್ರಯಾಥ್ಲಾನ್ ಎಂದು ಹೆಸರು.

ಯಜಮಾನರು ಯಾವುದೋ ಕೆಲಸಕ್ಕೆ ಅಲ್ಲಿಗೆ ಹೋಗಿದ್ದಾಗ ಮೇಜರ್ರು ಹೆಂಗಸರ ವಿಭಾಗಕ್ಕೆ ಜನ ಸಾಲದು ಎಂದು ಪೇಚಾಡಿಕೊಂಡರಂತೆ. ಅದರ ಹಿಂದಿನ ವಾರವಷ್ಟೇ ನಾನು, ಎಸ್ಸೆಸ್ಸೆಲ್ಸಿಯಲ್ಲಿದ್ದಾಗ ಎಂಟುನೂರು ಮೀಟರ್ ಓಟದಲ್ಲಿ ಜಿಲ್ಲೆಗೇ ಎರಡನೆಯವಳಾಗಿ ಬಂದ ಕಥೆಯನ್ನು ನೆಂಟರ ಮುಂದೆ ಹೇಳಿದ್ದೆ. ಅದು ಎಷ್ಟನೆಯ ಸಲವೋ ಏನೋ, ನೆಂಟರು ಆಕಳಿಸಿದ್ದು ನನಗೂ ಕಂಡಿತ್ತು. ಯಜಮಾನರಿಗೆ ಅದು ನೆನಪಾಗಿ ಅಲ್ಲೇ ನನ್ನ ಹೆಸರು ಕೊಟ್ಟುಬಿಟ್ಟರು. ಸಂಜೆ ಬಂದು ಒಂದು ಕಾಗದವನ್ನು ನನ್ನ ಕಾಫಿ ಲೋಟದ ಪಕ್ಕದಲ್ಲಿಟ್ಟು, ಏನೂ ಆಗದವರ ಹಾಗೆ ಟವೆಲ್ಲಿನಿಂದ ತಲೆ ಒರೆಸಿಕೊಳ್ಳುತ್ತಾ ನಿಂತರು.

"ಏನ್ರೀ ಇದು?"

"ಟ್ರಯಾಥ್ಲಾನ್ ಕಣೆ."

ಒಳಗಿನಿಂದ ಅತ್ತೆ ಕೇಳಿದರು: "ಟ್ರೈನ್ ಅತ್ಲಾಗಾ? ಯಾವ್ ಟ್ರೈನ್ ಅತ್ಲಾಗೆ ಹೋಯ್ತದೆ? ಇವ್ಳನ್ನ ಯಾಕೆ ಕಳಿಸ್ತೀಯ?"

ಅವರಿಗೆ ವಿಷಯ ತಿಳಿಸುವಷ್ಟರಲ್ಲಿ ಕಾಫಿ ಆರಿತು. ಈಜುವುದು ತಿಳಿಯಿತು, ಓಡುವುದೂ ತಿಳಿಯಿತು. ಹೋಗದ ಸೈಕಲ್ಲನ್ನು ಇಪ್ಪತ್ತು ನಿಮಿಷ ತುಳಿಯುವುದು ಮಾತ್ರ ಅವರ ತಲೆಗೆ ಇಳಿಯಲಿಲ್ಲ. "ತುಳಿದ್ರೂ ಅಲ್ಲೇ ಇರ್ತೀಯ, ತುಳೀದಿದ್ರೂ ಅಲ್ಲೇ ಇರ್ತೀಯ. ಮತ್ಯಾಕೆ ತುಳೀಬೇಕು?" ಎಂದರು.

ಹೋಗುವ ಮನಸ್ಸು ನನಗೂ ಇರಲಿಲ್ಲ. ಆದರೆ ಯಜಮಾನರು ಬಹಳ ಉದಾರವಾಗಿ, "ಆಗಲ್ಲ ಅಂದ್ರೆ ಹೇಳು, ಹೆಸರು ಹೊಡೆಸಾಕ್ತೀನಿ. ವಯಸ್ಸಾಯ್ತು ಬಿಡು" ಎಂದರು. ಅದರಲ್ಲಿ 'ವಯಸ್ಸಾಯ್ತು' ಎಂಬುದನ್ನು ಸಹಿಸಿಕೊಳ್ಳಬಹುದಿತ್ತು. 'ಬಿಡು' ಎಂದರಲ್ಲ, ಅದನ್ನು ಸಹಿಸಲಾಗಲಿಲ್ಲ. ಹೋಗಿಯೇ ಹೋಗುತ್ತೇನೆ ಎಂದೆ.

ಹೇಳಿದ ಮೇಲೆ ಕೂತು ಯೋಚಿಸಿದೆ. ಓಟ ಬಿಟ್ಟು ಇಪ್ಪತ್ತೈದು ವರ್ಷ ಆಗಿತ್ತು. ಈಜು ಕಲಿತದ್ದು ಹೆತ್ತೂರಿನ ಕಡೆಯ ಅಜ್ಜನ ಮನೆಯ ಕೆರೆಯಲ್ಲಿ, ಬೆನ್ನಿಗೆ ಸೋರೆ ಬುರುಡೆ ಕಟ್ಟಿಕೊಂಡು. ಅದಾದ ಮೇಲೆ ಬಕೆಟ್ಟಿಗಿಂತ ಆಳದ ನೀರನ್ನು ಮೈಗೆ ಸೋಕಿಸಿಕೊಂಡಿರಲಿಲ್ಲ. ಇನ್ನು ಸೈಕಲ್ಲು ನನಗೆ ಬರುವುದೇ ಇಲ್ಲ. ನಮ್ಮೂರಿನ ಏರುತಗ್ಗಿನಲ್ಲಿ ಕಲಿಯಲು ಹೋಗಿ ಒಂದೇ ದಿನ ಎರಡು ಸಲ ಚರಂಡಿಗೆ ಬಿದ್ದವಳು, ಮೂರನೆಯ ಸಲಕ್ಕೆ ಕಾಯಲಿಲ್ಲ. ಈ ಸ್ಪರ್ಧೆಯ ಸೈಕಲ್ಲು ನೆಲಕ್ಕೆ ಊರಿದ್ದು, ಬೀಳುವ ಮಾತಿಲ್ಲ ಎಂದು ತಿಳಿದಾಗ, ಇದು ನನ್ನಂಥವರಿಗಾಗಿಯೇ ಹುಟ್ಟಿದ ಆಟ ಅನ್ನಿಸಿತು.

ಆರು ವಾರ ಸಮಯವಿತ್ತು. ಬೆಳಿಗ್ಗೆ ತೋಟದ ಜೀಪು ರಸ್ತೆಯಲ್ಲಿ ಓಡತೊಡಗಿದೆ. ಮೊದಲ ದಿನ ನೂರು ಹೆಜ್ಜೆಗೆ ಉಸಿರು ಗಂಟಲಿಗೆ ಬಂತು. ಸುಧಾರಿಸಿಕೊಳ್ಳೋಣ ಎಂದು ನಿಂತರೆ ಜಿಗಣೆಗಳು ಕಾಲಿಗೆ ಏರುತ್ತಿದ್ದವು. ಓಡುತ್ತಿದ್ದರೆ ಅಷ್ಟಾಗಿ ಹತ್ತುವುದಿಲ್ಲ. ಯಾವ ತರಬೇತುದಾರನೂ ನನ್ನನ್ನು ಅಷ್ಟು ಓಡಿಸುತ್ತಿರಲಿಲ್ಲ. ಎರಡನೆಯ ವಾರಕ್ಕೆ ರಸ್ತೆಯ ಕೊನೆಯ ಗೇಟಿನವರೆಗೆ ನಿಲ್ಲದೆ ಹೋದೆ. ನಾಲ್ಕನೆಯ ವಾರಕ್ಕೆ ಹೋಗಿ ಬಂದೆ. ಹಳೆಯ ಲಯ ಕಾಲಿಗೆ ತಾನೇ ಹಿಂತಿರುಗಿತು. ಅದು ಹಿಂತಿರುಗಿದ ಬೆಳಿಗ್ಗೆ ನನಗೆ ಯಾರಿಗೂ ಹೇಳಲಾಗದಷ್ಟು ಸಂತೋಷವಾಗಿತ್ತು. ಮನೆಗೆ ಬಂದು ಸುಮ್ಮನೆ ರೊಟ್ಟಿ ತಟ್ಟಿದೆ.

ಸೈಕಲ್ಲಿಗೆ ದಾರಿ ತೋರಿಸಿದವರು ಅತ್ತೆ. "ಹೊಲಿಗೆ ಮಿಶನ್ ಐತಲ್ಲ, ಅದನ್ನ ತುಳಿ. ಅದೂ ಎಲ್ಲೂ ಹೋಗಕ್ಕಿಲ್ಲ" ಎಂದರು. ಅವರು ಗೇಲಿಗೆ ಹೇಳಿದ್ದೋ ನಿಜಕ್ಕೋ ತಿಳಿಯಲಿಲ್ಲ, ನಾನಂತೂ ನಿಜವೆಂದೇ ತೆಗೆದುಕೊಂಡೆ. ದಿನಾ ಸಂಜೆ ಗಡಿಯಾರ ಇಟ್ಟುಕೊಂಡು ಇಪ್ಪತ್ತು ನಿಮಿಷ ತುಳಿದೆ. ಸುಮ್ಮನೆ ತುಳಿಯುವುದೇಕೆ ಎಂದು ಮನೆಯ ಹರಿದ ದಿಂಬಿನ ಚೀಲ, ಹೊದಿಕೆ ಎಲ್ಲ ಹೊಲಿದೆ. ಅವು ಮುಗಿದ ಮೇಲೆ ಈಜಿನ ಉಡುಪು ಹೊಲಿಯಲು ಕೂತೆ. ಅಂಗಡಿಯ ಈಜುಡುಗೆಯನ್ನು ನಾನು ಚಿತ್ರದಲ್ಲಿ ನೋಡಿದ್ದೆ. ನನ್ನ ಶಾಲೆಯ ಮಕ್ಕಳ ತಂದೆತಾಯಿ ಬರಬಹುದಾದ ಜಾಗಕ್ಕೆ ಅದನ್ನು ತೊಟ್ಟು ಹೋಗುವ ಧೈರ್ಯ ನನಗಿರಲಿಲ್ಲ. ಆಲೂರಿನ ಸಂತೆಯಿಂದ ಕಪ್ಪು ನೈಲಾನ್ ಬಟ್ಟೆ ತಂದು ತುಂಬುತೋಳಿನ ಅಂಗಿ, ಮೊಣಕಾಲಿನ ಕೆಳಗೆ ಬರುವ ಚಡ್ಡಿ ಕತ್ತರಿಸಿದೆ. ಅತ್ತೆ ಪಕ್ಕದಲ್ಲಿ ಕೂತು ಮೇಲ್ವಿಚಾರಣೆ ಮಾಡಿದರು.

"ತೋಳಿಗೂ ಕಾಲಿಗೂ ಎಲಾಸ್ಟಿಕ್ ಹಾಕವ್ವ. ನೀರಿನಾಗೆ ಬಟ್ಟೆ ಮೇಲಕ್ಕೆದ್ರೆ ಮಾನ ಹೋಯ್ತದೆ."

ಹಾಕಿದೆ. ಕತ್ತಿಗೂ ಸೊಂಟಕ್ಕೂ ಸೇರಿಸಿ ಹಾಕಿದೆ. ಗಣಿತದ ಜೊತೆ ಒಂದಿಷ್ಟು ಭೌತಶಾಸ್ತ್ರವನ್ನೂ ಕಲಿಸುತ್ತಿದ್ದವಳಿಗೆ ಆಗ ಏನೂ ಹೊಳೆಯಲಿಲ್ಲ ಎಂಬುದನ್ನು ನಾಚಿಕೆಯಿಂದಲೇ ಬರೆಯುತ್ತಿದ್ದೇನೆ.

ಈಜಿನ ಅಭ್ಯಾಸಕ್ಕೆ ಮಾತ್ರ ನೀರು ಸಿಗಲಿಲ್ಲ. ಎಲ್ಲೆಲ್ಲೂ ನೀರೇ, ಆದರೆ ಈಜುವಂಥದ್ದಲ್ಲ. ಹೊಳೆ ಕೆಂಪಗೆ ಹರಿಯುತ್ತಿತ್ತು, ಕೆರೆಗಳು ಕೋಡಿ ಬಿದ್ದಿದ್ದವು. ಕೊನೆಗೆ ಜಗಲಿಯ ಬೆಂಚಿನ ಮೇಲೆ ಬೋರಲು ಮಲಗಿ ಕೈಕಾಲು ಬಡಿದೆ. ನಮ್ಮ ತೋಟಕ್ಕೆ ಕೆಲಸಕ್ಕೆ ಬರುವ ಹೆಂಗಸೊಬ್ಬಳು ಅದನ್ನು ನೋಡಿ ಗಾಬರಿಯಿಂದ ಅತ್ತೆಯನ್ನು ಕೂಗಿಕೊಂಡು ಒಳಗೋಡಿದಳು. ಅತ್ತೆ ಇದ್ದಲ್ಲಿಂದಲೇ ಶಾಂತವಾಗಿ, "ಏನಿಲ್ಲ ಬಾ, ಈಜ್ತಾವ್ಳೆ" ಎಂದರು.

ಆ ಭಾನುವಾರ ಬೆಳಿಗ್ಗೆ ನಮ್ಮ ಹಳೆಯ ವ್ಯಾನಿನಲ್ಲಿ ಮೂವರೂ ಹೊರಟೆವು. ಅತ್ತೆ ಬರುವುದಿಲ್ಲವೆಂದೇ ಎಣಿಸಿದ್ದೆವು. ಅವರು ಮಾತ್ರ ಬೆಳಗಾಗುವ ಮೊದಲೇ ಒಳ್ಳೆಯ ಸೀರೆ ಉಟ್ಟು ತಯಾರಾಗಿ ವ್ಯಾನಿನ ಹಿಂದಿನ ಸೀಟಿನಲ್ಲಿ ಕೂತಿದ್ದರು. ದಾರಿಯುದ್ದಕ್ಕೂ ಮಳೆ. ಮುಂದಿನ ಲಾರಿಯ ಕೆಂಪು ದೀಪ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ.

ಹೆಂಗಸರು ನಾವು ಐದು ಮಂದಿ. ಗಂಡಸರು ಆರೋ ಏಳೋ ಇದ್ದರು. ಹೆತ್ತೂರಿನ ಕಡೆಯ ದೊಡ್ಡ ಎಸ್ಟೇಟಿನ ಒಬ್ಬ ಹುಡುಗಿ ಬಂದಿದ್ದಳು, ಇಪ್ಪತ್ತಾರು ಇಪ್ಪತ್ತೇಳಿರಬಹುದು. ಅವಳ ಚೀಲದಿಂದ ಈಜಿನ ಕನ್ನಡಕ, ರಬ್ಬರ್ ಟೋಪಿ, ಮೂರು ಬಗೆಯ ಶೂ ಒಂದೊಂದಾಗಿ ಹೊರಬಂದವು. ಅಂಚೆ ಕಚೇರಿಯಲ್ಲಿ ಕೆಲಸ ಮಾಡುವ ಒಬ್ಬರಿದ್ದರು. ಮಾತು ಕಡಿಮೆ, ಕಾಲುಗಳು ನೋಡಿದರೆ ನಡೆದು ಗಟ್ಟಿಯಾದವು. ಉಳಿದಿಬ್ಬರು ಮಾರನಹಳ್ಳಿಯ ವಾರಗಿತ್ತಿಯರು. ಅವರು ಬಂದದ್ದು ಒಂದು ದಿನ ಮನೆಯಿಂದ ಹೊರಗಿರಲಿಕ್ಕೆ, ಅದನ್ನು ಬಾಯಿಬಿಟ್ಟೇ ಹೇಳಿದರು.

ಮೇಜರ್ರು ಸೀಟಿ ಊದಿ ನಿಯಮ ಓದಿದರು. ಕೊಳದ ಒಂದು ದಡದಿಂದ ಇನ್ನೊಂದು ದಡಕ್ಕೆ ಹೋದರೆ ಒಂದು ಎಂದು ಲೆಕ್ಕ. ಎಣಿಸುವವರನ್ನು ಅವರವರೇ ಕರೆತಂದಿರಬೇಕು, ಎಣಿಸಿದವರ ಮಾತೇ ಕೊನೆಯ ಮಾತು. ಒಂದೊಂದು ಆಟದಲ್ಲೂ ಮೊದಲು ಬಂದವರಿಗೆ ಒಂದು ಅಂಕ, ಎರಡನೆಯವರಿಗೆ ಎರಡು, ಹೀಗೆ. ಕೊನೆಗೆ ಯಾರ ಅಂಕ ಕಡಿಮೆಯೋ ಅವರೇ ಗೆದ್ದವರು. ನನ್ನ ಪಾಲಿನ ಎಣಿಕೆಗೆ ಯಜಮಾನರು ನಿಂತರು. ತಪ್ಪಬಾರದೆಂದು ಎಡಜೇಬಿನ ತುಂಬ ಕಾಫಿ ಬೀಜ ಹಾಕಿಕೊಂಡು ಬಂದಿದ್ದರು. ನಾನು ಒಂದು ದಡ ಮುಟ್ಟಿದರೆ ಒಂದು ಬೀಜ ಬಲಜೇಬಿಗೆ.

ಬಟ್ಟೆ ಬದಲಿಸಿ ಬಂದಾಗ ಆ ಎಸ್ಟೇಟಿನ ಹುಡುಗಿ ನನ್ನ ಉಡುಪನ್ನು ಮೇಲಿಂದ ಕೆಳಗೆ ನೋಡಿ, ಬಹಳ ಮರ್ಯಾದೆಯಿಂದ, "ಎಲ್ಲಿ ತಗೊಂಡ್ರಿ ಆಂಟಿ?" ಎಂದಳು. ಮನೆಯಲ್ಲೇ ಹೊಲಿದದ್ದು ಎಂದೆ. ಆಂಟಿ ಎಂದದ್ದನ್ನು ಮನಸ್ಸಿನಲ್ಲಿ ಬರೆದಿಟ್ಟುಕೊಂಡೆ. ಆದರೆ ಅವಳೇ ತನ್ನ ಹೆಚ್ಚಿನ ಟೋಪಿಯೊಂದನ್ನು ನನ್ನ ತಲೆಗೆ ಎಳೆದು ಹಾಕಿ, ಜಡೆಯನ್ನು ಒಳಗೆ ತುರುಕಿಕೊಟ್ಟಳು. ಹಾಗಾಗಿ ಬರೆದಿಟ್ಟುಕೊಂಡದ್ದನ್ನು ಅರ್ಧ ಅಳಿಸಬೇಕಾಯಿತು.

ಮೇಜರ್ರು ಸೀಟಿ ಊದಿದರು. ಐವರೂ ನೀರಿಗೆ ಇಳಿದೆವು. ಕುತ್ತಿಗೆವರೆಗೆ ಇಳಿದವಳು ಕೈಯನ್ನು ಮುಂದಕ್ಕೆ ಚಾಚಿದೆ. ಆಗ ನನ್ನ ಅಂಗಿ ಉಬ್ಬಿತು. ತೋಳು, ಸೊಂಟ, ಕತ್ತು, ಕಾಲು ಎಲ್ಲ ಕಡೆ ಎಲಾಸ್ಟಿಕ್ ಬಿಗಿದಿದ್ದರಿಂದ ಒಳಗಿದ್ದ ಗಾಳಿಗೆ ಹೋಗಲು ಎಲ್ಲೂ ದಾರಿಯಿರಲಿಲ್ಲ. ಬೆನ್ನ ಮೇಲೊಂದು ಗುಡ್ಡ, ಹಿಂಭಾಗದಲ್ಲಿ ಎರಡು. ಮುಖ ನೀರೊಳಗೆ, ಉಳಿದದ್ದೆಲ್ಲ ಮೇಲೆ. ಮುಳುಗಬೇಕೆಂದರೂ ಮುಳುಗಲಾರೆ. ಕಾಲು ಬಡಿದರೆ ನೀರು ಸಿಗದೆ ಗಾಳಿಯಲ್ಲಿ ಬಡಿಯುತ್ತಿತ್ತು.

"ಅಯ್ಯೋ, ಊದ್ಕೊಂಬುಟ್ಲು!" ಎಂದು ಅತ್ತೆ ದಡದಿಂದ ಕೂಗಿದ್ದು ಕೇಳಿಸಿತು.

ವಾರಗಿತ್ತಿಯರಿಬ್ಬರೂ ನಕ್ಕು ನೀರು ಕುಡಿದರು. ಅವರ ಸ್ಪರ್ಧೆ ಅಲ್ಲಿಗೇ ಮುಗಿದ ಹಾಗೆ, ಆಮೇಲೆ ಅವರು ದಡ ಹಿಡಿದುಕೊಂಡೇ ನಿಂತಿದ್ದರು. ಆ ಹುಡುಗಿ ಆಗಲೇ ಒಂದು ಸುತ್ತು ಮುಗಿಸಿ ಬರುತ್ತಿದ್ದವಳು ನನ್ನ ಪಕ್ಕದಲ್ಲಿ ತಲೆಯೆತ್ತಿ, "ಆಂಟಿ, ಕತ್ತಿನ ಹತ್ರ ಎಳೀರಿ, ಗಾಳಿ ಹೋಗುತ್ತೆ!" ಎಂದು ಕೂಗಿ ಮುಂದೆ ಹೋದಳು. ಎಳೆದೆ. ಬುಳುಬುಳು ಎಂದು ಗಾಳಿ ಹೊರಟಿತು. ಆ ಸದ್ದು ಇಡೀ ತಗಡಿನ ಸೂರಿನಡಿ ಮೊಳಗಿತು. ಅದು ಏನೆಂದು ಎಲ್ಲರಿಗೂ ಗೊತ್ತಿದ್ದರೂ ಗಂಡಸರ ಕಡೆಯಿಂದ ಯಾರೋ ಕೆಮ್ಮಿದರು.

ಆಮೇಲೆ ನಾನು ಈಜಿದೆ. ತಲೆ ಮೇಲೆತ್ತಿಕೊಂಡು, ಕೈಯನ್ನು ಕಪ್ಪೆಯ ಹಾಗೆ ಬಿಡಿಸಿ, ಅಜ್ಜನ ಮನೆಯ ಕೆರೆಯಲ್ಲಿ ಕಲಿತ ಹಾಗೆಯೇ. ಅಂದವಾಗಿ ಕಾಣುವ ಈಜಲ್ಲ ಅದು. ಆದರೆ ಮೈ ಅದನ್ನು ಮರೆತಿರಲಿಲ್ಲ. ಎರಡು ಮೂರು ಸಲ ಆಚೀಚೆ ಹೋಗಿ ಬಂದ ಮೇಲೆ ಮಳೆಯ ಸದ್ದೂ ನಗುವಿನ ಸದ್ದೂ ಎರಡೂ ದೂರವಾದವು. ಪ್ರತಿ ದಡವನ್ನೂ ನಾನು ಎಣಿಸಿಕೊಂಡೆ. ಎಣಿಸುವುದು ನನ್ನ ಹೊಟ್ಟೆಪಾಡು. ಸೀಟಿ ಊದಿದಾಗ ಹದಿನಾಲ್ಕನೆಯದು ಮುಟ್ಟಿದ್ದೆ.

ಯಜಮಾನರು ಬಲಜೇಬಿನಿಂದ ಬೀಜ ತೆಗೆದು ಮೇಜರ್ರ ಮುಂದೆ ಎಣಿಸಿದರು. ಹನ್ನೆರಡು.

"ಹದಿನಾಲ್ಕು" ಎಂದೆ.

"ಹನ್ನೆರಡೇ ಕಣೆ. ನೋಡು, ಬೀಜ ಸುಳ್ಳು ಹೇಳ್ತದಾ?"

"ಬೀಜ ಹೇಳಲ್ಲ, ಹಾಕೋರು ಹೇಳ್ತಾರೆ."

ಮೇಜರ್ರು ಇಬ್ಬರನ್ನೂ ನೋಡಿ, "ಮೇಡಂ, ನೀವು ಗಣಿತದ ಟೀಚರ್ ಅಂತ ನನಗೆ ಗೊತ್ತು. ಆದರೂ ನಿಯಮ ನಿಯಮವೇ" ಎಂದು ಹನ್ನೆರಡು ಬರೆದುಕೊಂಡರು. ಆ ಹುಡುಗಿಯದು ಇಪ್ಪತ್ತೆರಡು, ಅಂಚೆಯವರದು ಹದಿಮೂರು. ನಾನು ಮೂರನೆಯವಳಾದೆ. ಯಜಮಾನರ ಜೊತೆ ಮಾತು ಬಿಟ್ಟೆ.

ಆ ಸಿಟ್ಟು ಸೈಕಲ್ಲಿನಲ್ಲಿ ಕೆಲಸಕ್ಕೆ ಬಂತು. ಮೊದಲ ಸರದಿಯಲ್ಲಿ ಆ ಹುಡುಗಿ, ಅಂಚೆಯವರು, ನಾನು. ಸೈಕಲ್ಲಿನ ಸೀಟು ಯಾರೋ ಉದ್ದ ಕಾಲಿನವರಿಗೆ ಏರಿಸಿಟ್ಟದ್ದು. ಹತ್ತುವುದು ಹೇಗೆಂದು ನನಗೆ ಗೊತ್ತಾಗಲಿಲ್ಲ. ಎಡದಿಂದ ಹತ್ತಲು ನೋಡಿದೆ, ಬಲದಿಂದ ನೋಡಿದೆ, ಕೊನೆಗೆ ಅತ್ತೆ ಒಂದು ಮಣೆ ತಂದಿಟ್ಟರು. ಅಡುಗೆಮನೆಯಿಂದಲೇ ತಂದಿರಬೇಕು. ಬಂದ ಅರ್ಧ ಗಂಟೆಯಲ್ಲಿ ಅವರು ಅಲ್ಲಿನ ಅಡುಗೆಯವರ ಸ್ನೇಹ ಸಂಪಾದಿಸಿಕೊಂಡಿದ್ದರು.

ಹತ್ತಿ ಕೂತ ಮೇಲೆ ನನಗೆ ಯಾವ ತೊಂದರೆಯೂ ಆಗಲಿಲ್ಲ. ಆರು ವಾರ ಮಿಶನ್ ತುಳಿದ ಕಾಲುಗಳು ತಮ್ಮಷ್ಟಕ್ಕೆ ತಾವು ನಡೆದವು. ಎದುರಿನ ಪುಟ್ಟ ಪರದೆಯಲ್ಲಿ ಅಂಕಿ ಏರುತ್ತಿತ್ತು. ಎರಡು ಕಿಲೋಮೀಟರ್, ಮೂರು, ನಾಲ್ಕು. ಜೀವಮಾನದಲ್ಲಿ ಒಂದು ಫರ್ಲಾಂಗೂ ಸೈಕಲ್ ಬಿಟ್ಟವಳಲ್ಲ ನಾನು. ಆ ಅಂಕಿಗಳನ್ನು ನೋಡಿ ನನಗೇ ನನ್ನ ಮೇಲೆ ಅಭಿಮಾನ ಉಕ್ಕಿತು. ಅಂಕಿ ಎಂಟನ್ನು ಮುಟ್ಟಿದಾಗ, ಸಕಲೇಶಪುರದಿಂದ ಹೊರಟಿದ್ದರೆ ಈ ಹೊತ್ತಿಗೆ ದೋಣಿಗಲ್ ದಾಟಿರುತ್ತಿದ್ದೆ ಎಂದುಕೊಂಡೆ. ಕಿಟಕಿಯಾಚೆ ಅದೇ ಸಿಲ್ವರ್ ಓಕ್ ಮರ, ಅದೇ ಮೆಣಸಿನ ಬಳ್ಳಿ, ಅದೇ ಮಳೆ. ಅತ್ತೆ ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿ, "ಮಿಶನ್ನಾದ್ರೆ ಒಂದು ಲಂಗನಾದ್ರೂ ಆಗಿರೋದು" ಎಂದು ಹೇಳಿ ಹೋದರು. ನಾನು ಎರಡನೆಯವಳಾದೆ. ಮೊದಲನೆಯವಳು ಮತ್ತೆ ಆ ಹುಡುಗಿಯೇ.

ಉಳಿದದ್ದು ಟ್ರೆಡ್‌ಮಿಲ್ಲು. ಇಬ್ಬಿಬ್ಬರಂತೆ ಓಡಬೇಕು. ನಾನೂ ಆ ಹುಡುಗಿಯೂ ಅಕ್ಕಪಕ್ಕದಲ್ಲಿ ಹತ್ತಿದೆವು. ನೆಲವೇ ಹಿಂದಕ್ಕೆ ಜರುಗುವ ಅನುಭವ ನನಗೆ ಹೊಸದು. ಮೊದಲ ನಿಮಿಷ ಕಂಬಿಯನ್ನು ಬಿಡಲಿಲ್ಲ. ಎರಡನೆಯ ನಿಮಿಷಕ್ಕೆ ಒಂದು ಕೈ ಬಿಟ್ಟೆ. ನಾಲ್ಕನೆಯ ನಿಮಿಷಕ್ಕೆ ಎರಡೂ ಕೈ ಬಿಟ್ಟು ಓಡತೊಡಗಿದ್ದೆ, ಆಗ ಕರೆಂಟು ಹೋಯಿತು. ಪಟ್ಟಿ ನಿಂತಿತು, ನಾನು ನಿಲ್ಲಲಿಲ್ಲ. ಕಂಬಿಯನ್ನು ಅಪ್ಪಿಕೊಂಡು ಎದುರಿನ ಗೋಡೆಯ ಕ್ಯಾಲೆಂಡರಿಗೆ ಮೂಗು ತಾಗುವಷ್ಟು ಬಾಗಿದೆ. ಬೀಳಲಿಲ್ಲ.

ಮೇಜರ್ರು ಗಾಬರಿಯಾಗಲಿಲ್ಲ. ಜನರೇಟರ್ ಇದೆ ಎಂದರು. ಅದು ಹಿತ್ತಲಿನಲ್ಲಿ ಮೂರು ಸಲ ಕೆಮ್ಮಿ ಸುಮ್ಮನಾಯಿತು. ಇನ್ನೊಂದು ಸಲ ಪ್ರಯತ್ನಿಸಿದಾಗ ಕೆಮ್ಮಲೂ ಇಲ್ಲ. ಮರ ಬಿದ್ದು ತಂತಿ ಹರಿದಿದೆ, ಸಂಜೆಯವರೆಗೆ ಕರೆಂಟಿಲ್ಲ ಎಂಬ ಸುದ್ದಿಯೂ ಬಂತು. ಎಲ್ಲರೂ ಮನೆಗೆ ಹೊರಡುವ ಮಾತಾಡುತ್ತಿದ್ದಾಗ ಮೇಜರ್ರು ಊಟದ ಮನೆಯೊಳಗೆ ಹೋಗಿ, ಉದ್ದಕ್ಕೂ ಅಗಲಕ್ಕೂ ಹೆಜ್ಜೆ ಹಾಕಿ ಅಳೆದು ಬಂದರು.

"ಮೇಜುಗಳ ಸುತ್ತ ಹದಿನೇಳು ಸುತ್ತು ಬಂದರೆ ಒಂದು ಕಿಲೋಮೀಟರ್. ಸೂರಿನಡಿಯೇ ಇದೆ, ಹಾಗಾಗಿ ಇಂಡೋರೇ. ಎಲ್ಲರೂ ಮೊದಲಿನಿಂದ ಓಡಿ" ಎಂದರು.

ಅದು ಹಳೆಯ ಬಂಗಲೆಯ ಊಟದ ಮನೆ. ಕೆಂಪು ಕಾವಿಯ ನೆಲ, ಮುಖ ಕಾಣುವಷ್ಟು ನುಣುಪು. ನಡುವೆ ಉದ್ದದ ಮೇಜುಗಳು, ಅವುಗಳ ಮೇಲೆ ಆಗಲೇ ತಟ್ಟೆ ಜೋಡಿಸಿದ್ದರು. ಒಂದು ಬದಿಗೆ ಅಡುಗೆಮನೆಯ ಬಾಗಿಲು. ಅಲ್ಲಿಂದ ಕಡುಬು ಬೇಯುವ ಹಬೆ, ಕೋಳಿ ಸಾರಿನ ಪರಿಮಳ. ಬೆಳಿಗ್ಗೆಯಿಂದ ಒಂದು ಬಾಳೆಹಣ್ಣಿನ ಮೇಲಿದ್ದ ಐವರು ಹೆಂಗಸರನ್ನು ಆ ಪರಿಮಳದ ಮಧ್ಯೆ ಹದಿನೈದು ನಿಮಿಷ ಓಡಿಸುವುದು ಶಿಕ್ಷೆಯೇ ಸರಿ. ಆ ಹುಡುಗಿ ಚೀಲದಿಂದ ಓಟದ ಶೂ ತೆಗೆದು ಕಟ್ಟಿಕೊಂಡಳು. ನಾನು ಚಪ್ಪಲಿ ಬಿಟ್ಟು ಬರಿಗಾಲಿನಲ್ಲಿ ನಿಂತೆ. ಜಿಲ್ಲೆಯ ಓಟವನ್ನೂ ಬರಿಗಾಲಿನಲ್ಲೇ ಓಡಿದ್ದೆ. ಆಗ ಶೂ ಇರಲಿಲ್ಲ, ಈಗ ಇದ್ದರೂ ಬೇಕೆನಿಸಲಿಲ್ಲ.

ಮೊದಲ ಹತ್ತು ಸುತ್ತು ಆ ಹುಡುಗಿ ಮುಂದಿದ್ದಳು. ಆದರೆ ಪ್ರತಿ ಮೂಲೆಯಲ್ಲೂ ಅವಳ ಶೂ ಆ ನುಣುಪು ನೆಲದ ಮೇಲೆ ಕಿರ್ ಎಂದು ಜಾರುತ್ತಿತ್ತು. ಮೂಲೆ ಬಂದಾಗಲೆಲ್ಲ ಅವಳು ನಿಧಾನಿಸಬೇಕಾಗುತ್ತಿತ್ತು. ನನ್ನ ಬರಿಗಾಲು ಜಾರಲಿಲ್ಲ. ಹದಿನೈದನೆಯ ಸುತ್ತಿನಲ್ಲಿ ಉಪ್ಪಿನಕಾಯಿಯ ಭರಣಿ ಇದ್ದ ಮೂಲೆಯಲ್ಲಿ ಅವಳನ್ನು ದಾಟಿದೆ. ವಾರಗಿತ್ತಿಯರು ಮಾತಾಡುತ್ತಾ ನಡೆಯುತ್ತಿದ್ದರು. ಅವರನ್ನು ಎಷ್ಟು ಸಲ ದಾಟಿದೆನೋ ಲೆಕ್ಕವಿಲ್ಲ, ದಾಟಿದಾಗಲೆಲ್ಲ "ಹೋಗಿ ಮೇಡಂ, ಹೋಗಿ ಮೇಡಂ" ಎಂದು ದಾರಿ ಬಿಟ್ಟರು. ಅಂಚೆಯವರು ಮಾತ್ರ ನನ್ನ ಹಿಂದೆಯೇ ಇದ್ದರು. ಒಂದೇ ಹದದ ಉಸಿರು, ಒಂದೇ ಹದದ ಹೆಜ್ಜೆ. ಅವರ ಉಸಿರು ನನ್ನ ಬೆನ್ನಿಗೆ ತಾಗುತ್ತಿತ್ತು.

ಅಡುಗೆಮನೆಯ ಬಾಗಿಲಲ್ಲಿ ಅತ್ತೆ ಕೈಯಲ್ಲಿ ಸೌಟು ಹಿಡಿದು ನಿಂತಿದ್ದರು. ಪ್ರತಿ ಸುತ್ತಿಗೂ ಏನಾದರೊಂದು ಹೇಳುತ್ತಿದ್ದರು. "ಬೆನ್ನು ನೆಟ್ಟಗೆ." "ಬಾಯಿ ಮುಚ್ಕೊಂಡು ಉಸ್ರಾಡು." "ಆ ಹಿಂದಿನವ್ಳು ಬತ್ತಾವ್ಳೆ ಕಣೆ, ನೋಡ್ಬ್ಯಾಡ, ಓಡು!" ಕೊನೆಯ ನಿಮಿಷ ಎಂದು ಮೇಜರ್ರು ಕೂಗಿದಾಗ ಅತ್ತೆ ಸೌಟನ್ನು ಮೇಲೆತ್ತಿ ಹಿಡಿದರು, ಅಷ್ಟೇ. ಸಾರು ಅವರ ಒಳ್ಳೆಯ ಸೀರೆಯ ಮೇಲೆ ತೊಟ್ಟಿಕ್ಕುತ್ತಿದ್ದದ್ದು ಅವರಿಗೆ ಗೊತ್ತೇ ಆಗಲಿಲ್ಲ.

ನಲವತ್ತೆರಡು ಸುತ್ತು. ಈ ಸಲ ಎಣಿಸಿದವರು ಮೇಜರ್ರೇ, ನನ್ನ ಲೆಕ್ಕಕ್ಕೂ ಅವರ ಲೆಕ್ಕಕ್ಕೂ ವ್ಯತ್ಯಾಸವಿರಲಿಲ್ಲ. ಅಂಚೆಯವರದು ನಲವತ್ತೊಂದು, ಆ ಹುಡುಗಿಯದು ಮೂವತ್ತೆಂಟು. ಓಟದಲ್ಲಿ ನಾನು ಮೊದಲನೆಯವಳು. ಗೋಡೆಗೆ ಒರಗಿ ಕೂತವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆ ಹುಡುಗಿ ಪಕ್ಕದಲ್ಲಿ ಕುಸಿದು ಕೂತು, "ಏನ್ ಓಡ್ತೀರಾ ಮೇಡಂ!" ಎಂದಳು. ಆಂಟಿ ಹೋಗಿ ಮೇಡಂ ಬಂದಿತ್ತು.

ಅಂಕ ಕೂಡಿದಾಗ ಅವಳದು ಐದು, ನನ್ನದು ಆರು, ಅಂಚೆಯವರದು ಏಳು. ಹದಿನಾಲ್ಕು ಎಂದು ಬರೆದಿದ್ದರೆ ಈಜಿನಲ್ಲಿ ನಾನು ಎರಡನೆಯವಳಾಗಿ, ನನ್ನದೂ ಐದಾಗಿ, ಮೊದಲ ಸ್ಥಾನ ಇಬ್ಬರಿಗೂ ಸೇರುತ್ತಿತ್ತು. ಇದನ್ನು ನಾನು ಅಲ್ಲಿ ಯಾರಿಗೂ ಹೇಳಲಿಲ್ಲ. ಮೇಜರ್ರು ಕೊಟ್ಟ ಸ್ಟೀಲ್ ಫ್ಲಾಸ್ಕನ್ನೂ ಪ್ರಶಸ್ತಿಪತ್ರವನ್ನೂ ತೆಗೆದುಕೊಂಡು, ಎಂಟು ಕಡುಬು ತಿಂದೆ. ಅದನ್ನು ಯಜಮಾನರು ಬಹಳ ಸರಿಯಾಗಿ ಎಣಿಸಿದರು.

ವಾಪಸು ಬರುವಾಗ ವ್ಯಾನಿನಲ್ಲಿ ಅಂಕದ ಲೆಕ್ಕವೊಂದನ್ನು ಮಾತ್ರ ಅವರಿಗೆ ಬಿಡಿಸಿ ಹೇಳಿದೆ, ಬೋರ್ಡಿನ ಮೇಲೆ ಬರೆದು ತೋರಿಸುವಷ್ಟು ನಿಧಾನವಾಗಿ. ಅವರು ಗಾಡಿಯನ್ನು ನಿಧಾನ ಮಾಡಿ, ಒಂದು ಲಾರಿಯನ್ನು ಮುಂದೆ ಹೋಗಲು ಬಿಟ್ಟರು.

"ಎರಡು ಬೀಜ ಹಾಕ್ಲಿಲ್ಲ ಅಂತ ಕಾಣ್ತದೆ" ಎಂದರು ಆಮೇಲೆ. "ನೀನು ಈಜೋದು ನಾನು ಯಾವತ್ತೂ ನೋಡಿರ್ಲಿಲ್ಲ ಕಣೆ. ನೋಡ್ತಾ ನಿಂತ್ಬುಟ್ಟೆ."

ಹಿಂದಿನ ಸೀಟಿನಿಂದ ಅತ್ತೆ, "ಊದ್ಕೊಂಡಾಗ್ಲೋ, ಆಮೇಲೋ?" ಎಂದು ಕೇಳಿದರು. ಯಜಮಾನರು ಹಾರ್ನ್ ಒತ್ತಿದರು. ನಾನು ಅವರ ಜೊತೆ ಮತ್ತೆ ಮಾತಾಡಲು ಶುರುಮಾಡಿದೆ, ಇಲ್ಲದಿದ್ದರೆ ಇನ್ನೂ ಎರಡು ದಿನ ಮಾತು ಬಿಡುವ ಯೋಚನೆಯಿತ್ತು.

ಸೋಮವಾರ ಪ್ರಾರ್ಥನೆಯ ಹೊತ್ತಿಗೆ ಹೆಡ್‌ಮಾಸ್ಟರು ನನ್ನ ಪ್ರಶಸ್ತಿಪತ್ರವನ್ನು ಮಕ್ಕಳಿಗೆಲ್ಲ ಎತ್ತಿ ತೋರಿಸಿದರು. ಅದನ್ನು ಅಚ್ಚು ಹಾಕಿದವರು ಯಾರೋ 'ಇಂಡೋರ್' ಎಂಬುದನ್ನು 'ಇಂದೋರ್' ಮಾಡಿದ್ದರು. ನಾನೂ ಅದನ್ನು ಗಮನಿಸಿರಲಿಲ್ಲ. "ನಮ್ಮ ಗಣಿತದ ಮೇಡಂ ಇಂದೋರಿಗೆ ಹೋಗಿ, ಅಲ್ಲಿ ಎರಡನೆಯ ಸ್ಥಾನ ಪಡೆದು, ಒಂದೂ ರಜೆ ಹಾಕದೆ ಇವತ್ತು ಬೆಳಿಗ್ಗೆ ಶಾಲೆಗೆ ಹಾಜರಾಗಿದ್ದಾರೆ" ಎಂದು ಅವರು ಗದ್ಗದರಾದರು. ಮಕ್ಕಳು ಚಪ್ಪಾಳೆ ಹೊಡೆದರು. ನಾನು ಸರಿಪಡಿಸಲು ಬಾಯಿ ತೆರೆಯುವಷ್ಟರಲ್ಲಿ ರಾಷ್ಟ್ರಗೀತೆ ಶುರುವಾಯಿತು. ಮಧ್ಯಾಹ್ನ ಹಿಂದಿ ಮೇಷ್ಟ್ರು ಇಂದೋರಿನ ಹವೆ ಹೇಗಿತ್ತೆಂದು ಕೇಳಿದರು. ಮಳೆಯಿತ್ತು ಎಂದೆ. ಆಮೇಲೆ ಸ್ಟಾಫ್ ರೂಮಿನಲ್ಲಿ ನಿಜ ಹೇಳಿದೆನಾದರೂ ಇಂದೋರು ಆಗಲೇ ಊರೆಲ್ಲ ಹರಡಿತ್ತು.

ಅವತ್ತು ಒಂದು ಮೆಟ್ಟಿಲು ಇಳಿಯುವುದೂ ಕಷ್ಟವಾಗಿತ್ತು. ಪಾಠವನ್ನೆಲ್ಲ ಕುರ್ಚಿಯಲ್ಲಿ ಕೂತೇ ಮಾಡಿದೆ. ಸಂಜೆ ಮನೆಗೆ ಬಂದಾಗ ಅತ್ತೆ ಒಲೆಯ ಮುಂದೆ ಚಾಪೆ ಹಾಸಿ, ಎಣ್ಣೆ ಬೆಚ್ಚಗೆ ಮಾಡಿಟ್ಟುಕೊಂಡು ಕಾಯುತ್ತಿದ್ದರು. ಬೇಡವೆಂದರೂ ಕೇಳಲಿಲ್ಲ. ನನ್ನ ಮೀನಖಂಡಗಳನ್ನು ಎರಡೂ ಹೆಬ್ಬೆರಳಿನಿಂದ ಒತ್ತುತ್ತಾ, ಸ್ವಲ್ಪ ಹೊತ್ತಾದ ಮೇಲೆ, ಯಾವುದೋ ಸಾಮಾನ್ಯ ಸಂಗತಿ ಹೇಳುವವರ ಹಾಗೆ ಹೇಳಿದರು:

"ನಿನ್ ಗಂಡ ಹೊಟ್ಟೆನಾಗಿದ್ದಾಗ ನಾನೂ ಓಡಿದ್ದೆ ಕಣವ್ವ. ಏಳು ತಿಂಗ್ಳು. ಗದ್ದೆ ಬಯಲಿನಾಗೆ ಆನೆ ಬೆನ್ನತ್ತಿತ್ತು."

ನಾನು ತಲೆಯೆತ್ತಿ ನೋಡಿದೆ. ಮದುವೆಯಾಗಿ ಇಪ್ಪತ್ತು ವರ್ಷ ಆಗುತ್ತಾ ಬಂದಿತ್ತು, ಈ ಮಾತನ್ನು ಕೇಳಿರಲಿಲ್ಲ.

"ಎಷ್ಟು ದೂರ ಓಡಿದ್ರಿ ಅತ್ತೆ?"

"ಯಾರಿಗ್ ಗೊತ್ತು. ಕೆಳಗಿನ ಗದ್ದೆಯಿಂದ ನಮ್ಮನೆ ಕಣದವರ್ಗೂ. ಆಗ ಸೀಟಿ ಊದೋರು ಯಾರಿದ್ರು?" ಅವರ ಕೈ ನಿಲ್ಲಲಿಲ್ಲ. "ಕಣಕ್ಕೆ ಬಂದು ಹುಲ್ಲು ಮೆದೆ ಹಿಂದೆ ಕೂತ್ಕಂಡೆ. ಆನೆ ಆ ಕಡೆ ಹೋಯ್ತು. ಆಮೇಲೆ ಎದ್ದು ಹೋಗಿ ದನಕ್ಕೆ ನೀರಿಟ್ಟೆ. ಇನ್ನೇನ್ ಮಾಡೋದು?"

ಮಾರನೆಯ ಬೆಳಿಗ್ಗೆ ಕೆಳಗಿನ ಗದ್ದೆಯ ಬದುವಿನ ಮೇಲೆ ನಿಂತು, ಅಲ್ಲಿಂದ ಕಣದವರೆಗೆ ಹೆಜ್ಜೆ ಎಣಿಸುತ್ತಾ ನಡೆದೆ. ಕಾಲು ಇನ್ನೂ ನೋಯುತ್ತಿತ್ತು. ಬದು ಕಿರಿದು, ನಡುವೆ ಎರಡು ಕಾಲುವೆ ದಾಟಬೇಕು, ಕೊನೆಯ ಭಾಗ ಪೂರ್ತಿ ಏರು. ಹೆಚ್ಚೂಕಡಿಮೆ ಎಂಟುನೂರು ಮೀಟರ್ ಆಯಿತು, ನನ್ನ ಜಿಲ್ಲೆಯ ಓಟದಷ್ಟೇ. ಅಂಗಳಕ್ಕೆ ಬಂದು ಅತ್ತೆಗೆ ಹೇಳಿದೆ.

"ಹೌದಾ?" ಎಂದರು, ಅಕ್ಕಿ ಆರಿಸುತ್ತಾ. "ನನಗೆ ಇನ್ನೂ ಜಾಸ್ತಿ ಇದ್ದಂಗಿತ್ತು."